ಹಿತ್ತಾಳೆ ಫಲಕ ಉಜ್ಜಿದ ಕದಿರಮ್ಮ

ಕದಿರಮ್ಮನ ಬಗ್ಗೆ ಬರೆಯುವ ಮುಂಚೆ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. 2004ರ ಜೂನ್ ತಿಂಗಳ ಒಂದು ಮಂಗಳವಾರ, ಹತ್ತು ಜನರ ಎದುರು ನಾನು ಅವಳನ್ನು ಬಾಯಿಗೆ ಬಂದ ಹಾಗೆ ಬೈದೆ. ನನ್ನ ಬಾಯಿ ಸ್ವಲ್ಪ ಜೋರು. ಮೂವತ್ತೊಂದು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವಳ ಬಾಯಿ ಮೆತ್ತಗಿರಲಿ ಅಂದರೆ ಹೇಗೆ? ಆದರೆ ಅವತ್ತು ಬೈದದ್ದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಹುಣಸೇಕುಂಟೆ. ಗೌರಿಬಿದನೂರಿನಲ್ಲಿ ನಗರಗೆರೆ ಕಡೆಯ ಬಸ್ಸು ಹತ್ತಿದರೆ ಅರ್ಧ ದಾರಿಯಲ್ಲಿ ಇಳಿಯಬೇಕು. ಇಳಿದ ಕೂಡಲೇ ಎಡಕ್ಕೆ ಕಲ್ಲಿನ ಕಾಂಪೌಂಡು, ಅದರೊಳಗೆ ಇಂಗ್ಲಿಷಿನವರ ಕಾಲದ ಚರ್ಚು. ಊರಿನವರು ಕಲ್ಲುಗುಡಿ ಎನ್ನುತ್ತಾರೆ. ಗೋಡೆ ಎರಡು ಮೊಳ ದಪ್ಪ, ಕಲ್ಲು ಪಕ್ಕದ ಬಂಡೆಗುಟ್ಟೆಯದೇ. ಕಿಟಕಿಗಳ ತಲೆ ಮೊನಚು, ಬಲಗಡೆಯ ಎರಡು ಕಿಟಕಿಗೆ ಕೆಂಪು-ನೀಲಿ ಗಾಜು. ಛಾವಣಿಗೆ ತೇಗದ ತೊಲೆ, ಮೇಲೆ ಮಂಗಳೂರು ಹೆಂಚು. ಗೋಪುರ ಅಂತ ಏನೂ ಇಲ್ಲ. ಮುಂದಿನ ಗೋಡೆಯನ್ನೇ ಸ್ವಲ್ಪ ಎತ್ತರಿಸಿ ಅದರ ಕಂಡಿಯಲ್ಲಿ ಗಂಟೆ ತೂಗುಹಾಕಿದ್ದಾರೆ. ಒಳಗೆ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ಬಾನಿ ಇದೆ. ಅದರ ಬುಡದಲ್ಲಿ ಕಮಲದ ದಳಗಳು! ಪಾದ್ರಿ ಬಾನಿ ಬೇಕು ಅಂದಿರಬೇಕು, ದೇವಸ್ಥಾನದ ಕಂಬ ಕೆತ್ತುವವರು ತಮ್ಮ ಕೈಗೆ ಪಳಗಿದ್ದನ್ನೇ ಕೆತ್ತಿಕೊಟ್ಟಿರಬೇಕು. ಪಾದ್ರಿಯೂ ಸುಮ್ಮನಿದ್ದ ಅಂತ ಕಾಣುತ್ತದೆ.

ಬಾನಿಯ ಹಿಂದಿನ ಗೋಡೆಯಲ್ಲಿ ಒಂದು ಹಿತ್ತಾಳೆ ಫಲಕ. ಅಗಲ ಒಂದೂವರೆ ಮೊಳ, ಎತ್ತರ ಒಂದು ಮೊಳ. ಆ ಫಲಕವೇ ಈ ಕಥೆಯ ರಾಮಾಯಣಕ್ಕೆಲ್ಲ ಕಾರಣ.

ಕದಿರಮ್ಮ ನಮ್ಮ ಸಭೆಯವಳಲ್ಲ, ಅಂದರೆ ಕ್ರೈಸ್ತಳಲ್ಲ. ಅವಳ ಮನೆದೇವರು ಕದಿರಿ ನರಸಿಂಹಸ್ವಾಮಿ. ಹೆಸರೂ ಅಲ್ಲಿಂದಲೇ ಬಂದದ್ದು. ಆಂಧ್ರದ ಗಡಿಯಂಚಿನ ಹಳ್ಳಿಯಿಂದ ಹದಿನೇಳನೇ ವಯಸ್ಸಿಗೆ ನಮ್ಮೂರಿನ ಆವುಲಪ್ಪನನ್ನು ಮದುವೆಯಾಗಿ ಬಂದಳು. ಆವುಲಪ್ಪ ಹುಣಸೆ ತೋಪುಗಳಲ್ಲಿ ಕಾಯಿ ಬಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಅವನ ತಾಯಿ ಚರ್ಚು ಗುಡಿಸಿ ಸಾರಿಸುತ್ತಿದ್ದಳು. ಅತ್ತೆಗೆ ಸೊಂಟ ಹಿಡಿದ ಮೇಲೆ, ಅರವತ್ತಾರನೇ ಇಸವಿಯಲ್ಲಿ, ಪೊರಕೆ ಸೊಸೆಯ ಕೈಗೆ ಬಂತು. ಆಮೇಲೆ ಗಂಡ ಹೋದ, ಮಗಳು ಮಂಗಮ್ಮ ಚಿಂತಾಮಣಿಗೆ ಮದುವೆಯಾಗಿ ಹೋದಳು, ಪಾಸ್ಟರುಗಳು ಎಂಟು ಜನ ಬದಲಾದರು. ಪೊರಕೆ ಮಾತ್ರ ಕದಿರಮ್ಮನ ಕೈಯಲ್ಲೇ ಉಳಿಯಿತು.

ಅವಳದ್ದೇ ಒಂದು ಕಾನೂನಿತ್ತು. ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಯಾರೇ ಆಗಲಿ ಬಿಡುತ್ತಿರಲಿಲ್ಲ. ಒಮ್ಮೆ ಬೆಂಗಳೂರಿನಿಂದ ಬಂದ ದೊಡ್ಡ ಪಾದ್ರಿಗಳ ಬೂಟನ್ನೇ ಬಿಚ್ಚಿಸಿದ್ದಳು. ಆಯುಧಪೂಜೆಯ ದಿನ ಗಂಟೆಯ ಹಗ್ಗಕ್ಕೆ ಕುಂಕುಮ ಇಡುತ್ತಿದ್ದಳು. ನಾನು ಜಗಳಕ್ಕೆ ಹೋದೆ.

"ಇದು ಚರ್ಚು ಕಣಮ್ಮ, ನಿಮ್ಮ ಟ್ರ್ಯಾಕ್ಟರ್ ಶೆಡ್ ಅಲ್ಲ!"

"ದುಡ್ಯೋ ವಸ್ತು ತಾನೇ ಟೀಚರಮ್ಮ? ವರ್ಷಕ್ಕೊಂದು ದಿನ ಬೊಟ್ಟಿಟ್ರೆ ನಿಮ್ಮ ದೇವರೇನು ಕೋಪ ಮಾಡ್ಕೊಂತಾನಾ?" ಅಂದಳು.

ಉತ್ತರ ಇಲ್ಲದಾಗ ನಾನು ದನಿ ಏರಿಸುತ್ತೇನೆ. ಅವತ್ತೂ ಏರಿಸಿದೆ.

ಶನಿವಾರ ಅವಳ ಹಿತ್ತಾಳೆ ದಿನ. ಬೆಳಿಗ್ಗೆಯೇ ಹುಣಸೆಹಣ್ಣು ನೆನೆಹಾಕುವಳು. ಇಟ್ಟಿಗೆಯನ್ನು ಕುಟ್ಟಿ, ಹಳೇ ಸೀರೆಯಲ್ಲಿ ಸೋಸಿ, ಗಂಧದಷ್ಟು ನುಣ್ಣಗೆ ಮಾಡಿಕೊಳ್ಳುವಳು. ಕಾಣಿಕೆ ತಟ್ಟೆ, ಶಿಲುಬೆ, ಆಮೇಲೆ ಗೋಡೆಯ ಫಲಕ. ಅದರ ಕೆಳಗಿನ ಸಾಲು ನಿಂತಲ್ಲಿಂದಲೇ ಕೈಗೆ ಸಿಗುತ್ತದೆ, ಅದನ್ನು ಮೊದಲು ಉಜ್ಜುವಳು. ಆಮೇಲೆ ಸ್ಟೂಲು ಹತ್ತಿ ಮೇಲಿನ ಸಾಲುಗಳು. "ಹಿತ್ತಾಳೆ ಅಂದ್ರೆ ಮುಖ ಕಾಣ್ಬೇಕು" ಅನ್ನುವುದು ಅವಳ ಮಾತು. ಭಾನುವಾರ ಬಿಸಿಲು ಬಿದ್ದಾಗ ಆ ಫಲಕ ಹೊಳೆಯುತ್ತಿದ್ದ ರೀತಿಗೆ ನಾವೆಲ್ಲ ತಲೆದೂಗಿದ್ದೇವೆ. ನಾನೇ ಹೇಳಿದ್ದೇನೆ, "ಕದಿರಮ್ಮ, ಕನ್ನಡಿ ಮಾಡ್ಬಿಟ್ಟಿದ್ದೀಯಲ್ಲೇ" ಅಂತ. ಹೊಗಳಿಕೆಯಾಗಿಯೇ ಹೇಳಿದ್ದು.

ಈಗ ಆ ಮಂಗಳವಾರಕ್ಕೆ ಬರುತ್ತೇನೆ.

ಎರಡು ಮಳೆಗಾಲದಿಂದ ಛಾವಣಿ ಸೋರುತ್ತಿತ್ತು. ಸಭೆಯ ಕಾರ್ಯದರ್ಶಿ ಸಮಾಧಾನಪ್ಪ. ಅವರಿಗೆ ಇಲ್ಲದ್ದು ಅಂದರೆ ಸಮಾಧಾನವೊಂದೇ. ಹಳೆಯದನ್ನು ಕೆಡವಿ ಸಿಮೆಂಟಿನ ದೊಡ್ಡ ಹಾಲು ಕಟ್ಟೋಣ, ಟೈಲ್ಸ್ ಹಾಕೋಣ, ಫ್ಯಾನು ಹಾಕೋಣ ಅಂತ ಹಟ ಹಿಡಿದರು. ಕೆಟ್ಟ ಮನುಷ್ಯರಲ್ಲ; ಮಳೆ ಬಂದಾಗ ಮುದುಕಿಯರು ಕೊಡೆ ಬಿಚ್ಚಿಕೊಂಡು ಪ್ರಾರ್ಥನೆ ಮಾಡುವುದನ್ನು ನೋಡಲಾಗದೆ ಹೇಳುತ್ತಿದ್ದರು. ನಾನು ಬೇಡ ಅಂದೆ. ಸಭೆ ಎರಡು ಪಾಲಾಯಿತು.

ನಮ್ಮ ಸಭೆಗಳಿಗೆಲ್ಲ ಮೇಲಿನ ಆಫೀಸು ಒಂದು ನಿಯಮ ಮಾಡಿತ್ತು. ನೂರು ವರ್ಷ ದಾಟಿದ ಕಟ್ಟಡವಾದರೆ ಕೆಡವುವ ಹಾಗಿಲ್ಲ, ರಿಪೇರಿಯೇ ಮಾಡಬೇಕು. ದಾಟಿಲ್ಲದಿದ್ದರೆ ಸಭೆಯವರ ಇಷ್ಟ. ನಮ್ಮ ಚರ್ಚಿನ ವಯಸ್ಸು ನೋಡಿ ವರದಿ ಬರೆಯಲು ತನುಜ ಎಂಬ ಎಂಜಿನಿಯರ್ ಹುಡುಗಿಯನ್ನು ಕಳಿಸಿದರು. ಬೆಳಿಗ್ಗೆ ಹತ್ತಕ್ಕೆ ಜೀಪಿನಲ್ಲಿ ಬಂದಿಳಿದಳು. ಸಂಜೆ ನಾಲ್ಕಕ್ಕೆ ಹೊರಡಬೇಕು, ಮಾರನೇ ದಿನ ವರದಿ ಕೊಡಬೇಕು.

"ಹಳೇ ರಿಜಿಸ್ಟರ್ ಇದೆಯಾ ಮೇಡಂ?" ಅಂತ ಕೇಳಿದಳು.

"ಗೆದ್ದಲು ತಿಂತು."

ಏಣಿ ಹಾಕಿ ಗಂಟೆಯನ್ನು ನೋಡಿದಳು. ಗಂಟೆಯ ಮೇಲೆ 1924 ಅಂತ ಎರಕ ಹೊಯ್ದಿತ್ತು. ಸಮಾಧಾನಪ್ಪನವರ ಮುಖ ಅರಳಿತು.

"ನೋಡಿ, ಎಂಬತ್ತೇ ವರ್ಷ!"

"ಅದು ಎರಡನೇ ಗಂಟೆ ಕಣ್ರೀ, ಮೊದಲನೇದು ಸೀಳು ಬಿಟ್ಟಿತ್ತಂತೆ, ನಮ್ಮ ತಾತ ಹೇಳ್ತಿದ್ರು" ಅಂದೆ.

"ತಾತ ಹೇಳಿದ್ದನ್ನ ವರದೀಲಿ ಬರೆಯೋಕಾಗಲ್ಲ ಮೇಡಂ. ಗೋಡೇಲಿ ಶಿಲಾಫಲಕ, ಪ್ಲೇಟು, ಏನಾದ್ರೂ ಇದ್ದರೆ ತೋರಿಸಿ" ಅಂದಳು ತನುಜ.

ಇಲ್ಲದೆ ಏನು! ನಾನು ಎದೆ ಉಬ್ಬಿಸಿಕೊಂಡು ಅವಳನ್ನು ಬಾನಿಯ ಹಿಂದಕ್ಕೆ ಕರೆದುಕೊಂಡು ಹೋದೆ. "ಇಗೋ ನೋಡಮ್ಮ, ಕಟ್ಟಿದ ಇಸವಿ ಇದರಲ್ಲೇ ಇದೆ" ಅಂದೆ. ತನುಜ ನೋಡಿದಳು. ನಾನೂ ನೋಡಿದೆ. ಫಲಕದಲ್ಲಿ ನಮ್ಮಿಬ್ಬರ ಮುಖ ಕಂಡಿತು. ಬೇರೇನೂ ಇರಲಿಲ್ಲ.

ಟಾರ್ಚು ಬಿಟ್ಟು ನೋಡಿದರೆ ಅಲ್ಲಲ್ಲಿ ಕೂದಲೆಳೆಯಂಥ ಗೀರು. ಅಕ್ಷರದ ಗೀರೋ, ಉಜ್ಜಿದ ಗೀರೋ ಹೇಳಲಾಗದು. ಅಲ್ಲಿ ನಿಂತಿದ್ದವರಲ್ಲಿ ಇಂಗ್ಲಿಷ್ ಓದಬಲ್ಲವರು ಏಳು ಜನ. ಪ್ರತಿ ಭಾನುವಾರ ಅದರ ಎದುರೇ ಕೂತವರು. ಏನು ಬರೆದಿತ್ತು ಅಂತ ಒಬ್ಬರಿಗೂ ಗೊತ್ತಿಲ್ಲ. ಸಮಾಧಾನಪ್ಪ "ದೇವರ ಮಹಿಮೆ ಅಂತ ಏನೋ ಇತ್ತು" ಅಂದರು. ನನಗೆ ನೆನಪಿದ್ದದ್ದು ಇಷ್ಟೇ: ಇಸವಿ ಅಂಕಿಯಲ್ಲಿ ಇರಲಿಲ್ಲ, ಗಡಿಯಾರದ ಮುಖದ ಮೇಲೆ ಇರುತ್ತವಲ್ಲ, ಆ ರೋಮನ್ ಅಕ್ಷರಗಳಲ್ಲಿತ್ತು. ಯಾವ ಅಕ್ಷರ? ದೇವರೇ ಬಲ್ಲ. ನಾಳೆ ನೋಡಿದರಾಯಿತು ಅಂತ ಮೂವತ್ತು ವರ್ಷ ಕಳೆದಿದ್ದೆ.

ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ಅಲ್ಲಿ ಕದಿರಮ್ಮ ನಿಂತಿದ್ದಳು.

ನನ್ನ ಬಾಯಿ ಆಗ ಬಿಚ್ಚಿತು. "ಏನೇ ಮಾಡಿದ್ದೀಯ ಇದನ್ನ? ಹಾಳಾದವಳೇ, ಅಕ್ಷರಾನೆಲ್ಲ ತಿಕ್ಕಿ ಹಾಕಿದ್ದೀಯಲ್ಲೇ! ಓದು ಬರದಿದ್ರೆ ಹೋಗ್ಲಿ, ಕಣ್ಣಾದ್ರೂ ಬೇಡ್ವಾ? ಈಗ ಗುಡಿ ಕೆಡವ್ತಾರೆ, ನಿನ್ನಿಂದ, ನಿನ್ನ ಕೈಯಿಂದ!" ಇನ್ನೂ ಏನೇನೋ ಅಂದೆ. ಬರೆಯಲು ನಾಚಿಕೆಯಾಗುತ್ತದೆ. ಸಮಾಧಾನಪ್ಪ ಅಷ್ಟೊಂದು ಅನ್ನಲಿಲ್ಲ. "ನಾಳೆಯಿಂದ ಕೆಲಸಕ್ಕೆ ಬರೋದು ಬೇಡ ಬಿಡಮ್ಮ" ಅಂದರು, ಅಷ್ಟೇ.

ಕದಿರಮ್ಮ ಬೆವರಿಬಿಟ್ಟಳು. "ಅಯ್ಯೋ ದೇವುಡಾ, ಅದು ಬರಹ ಅಂತ ಗೊತ್ತಿತ್ತು ಟೀಚರಮ್ಮ. ಸಂದೀಲಿ ಕರ್ರಗೆ ಕೂತಿತ್ತಲ್ಲ, ಅದು ಕಿಲುಬು ಅಂದ್ಕೊಂಡೆ. ಮೊದಲ ವರ್ಷ ಪೊರಕೆ ಕಡ್ಡೀಲಿ ಒಂದೊಂದೇ ಕೆರೆದು ತೆಗೆದೆ. ಒಂದು ಶನಿವಾರಕ್ಕೆ ಮೂರೋ ನಾಲ್ಕೋ ಆಗೋದು. ಎಷ್ಟು ಕಷ್ಟಪಟ್ಟೆ!"

ಅಕ್ಷರ ಎದ್ದು ಕಾಣಲೆಂದು ಇಂಗ್ಲಿಷಿನವರು ತುಂಬಿದ್ದ ಕಪ್ಪು ಅರಗನ್ನು ಇವಳು ಕೊಳೆ ಅಂತ ಕೆರೆದಿದ್ದಳು. ಪೂಜೆ ಪಾತ್ರೆಯ ಚಿತ್ತಾರದ ಸಂದಿಯಲ್ಲಿ ಕಪ್ಪು ಕಂಡರೆ ನಮ್ಮ ಕಡೆಯ ಯಾವ ಹೆಂಗಸು ಬಿಟ್ಟಾಳು? ಆಮೇಲೆ ಮೂವತ್ತೆಂಟು ವರ್ಷದ ಇಟ್ಟಿಗೆ ಪುಡಿ ಉಳಿದ ಕೆಲಸ ಮುಗಿಸಿತ್ತು.

"ನನ್ನ ಕೆಲಸ ತೆಗೀರಿ ಅಪ್ಪ. ಗುಡಿ ಬೀಳಿಸ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ" ಅಂತ ಸಮಾಧಾನಪ್ಪನವರಿಗೆ ಕೈಮುಗಿದಳು. ಅವರು ಮುಖ ತಿರುಗಿಸಿಕೊಂಡು ಹೊರಗೆ ಹೋದರು. ಮಿಕ್ಕವರೂ ಜಗಲಿಗೆ ಹೋಗಿ ಕೂತರು. ಗಂಟೆ ಹನ್ನೆರಡಾಗಿತ್ತು. ತನುಜ ಗೋಡೆ ಅಳೆಯುತ್ತಿದ್ದಳು. ನಾನು ಕೋಪದಲ್ಲಿ ಬೆಂಚಿನ ಮೇಲೆ ಕುಕ್ಕರಿಸಿದೆ.

ಕದಿರಮ್ಮ ಫಲಕದ ಹತ್ತಿರ ಹೋಗಿ ನಿಂತಳು. ಅಳುತ್ತಲೇ ಹೆಬ್ಬೆರಳನ್ನು ಹಿತ್ತಾಳೆಯ ಮೇಲೆ ಇಟ್ಟಳು. ಬೆರಳು ಒಂದು ಸುತ್ತು ಸುತ್ತಿತು. ಪಕ್ಕಕ್ಕೆ ಸರಿದು ನೆಟ್ಟಗೆ ಇಳಿಯಿತು. ಮತ್ತೆ ಸರಿಯಿತು, ಮೂರು ಸಲ ಅಡ್ಡಡ್ಡ ಹೋಯಿತು. ಮೊದಲು ನನಗೆ ರೇಗಿತು.

"ಇನ್ನೂ ಏನ್ ತಿಕ್ತಿದ್ದೀಯೆ?"

"ತಿಕ್ತಿಲ್ಲ ಟೀಚರಮ್ಮ. ಇಲ್ಲೊಂದು ಬಳೆ ಇತ್ತು. ಅದರ ಪಕ್ಕ ಬಾಚಣಿಗೆ."

"ಬಳೆ ಏನು, ಬಾಚಣಿಗೆ ಏನು?"

"ಹಾಗೇ ನಾನು ಕರ್ಯೋದು. ದುಂಡಗಿರೋದು ಬಳೆ. ಮೂರು ಹಲ್ಲಿರೋದು ಬಾಚಣಿಗೆ. ಡೊಂಕುಡೊಂಕಾಗಿರೋದು ಹಾವು. ಇಲ್ಲದಿದ್ರೆ ಯಾವುದು ಕೆರೆದೆ, ಯಾವುದು ಬಿಟ್ಟೆ ಅಂತ ಮುಂದಿನ ಶನಿವಾರ ಗೊತ್ತಾಗ್ಬೇಕಲ್ಲ?"

ನಾನು ಬೆಂಚಿನಿಂದ ಎದ್ದು ನಿಂತೆ. "ಎಲ್ಲಾ ಜ್ಞಾಪಕ ಇದೆಯಾ?"

"ಇರ್ದೆ ಇನ್ನೇನು? ಎಲ್ಲಿಗೆ ಹೋಗ್ತಾವೆ?" ಅಂದಳು.

"ರಂಗೋಲಿ ಪುಡಿ ತಗೊಂಬಾ. ಓಡು!"

ಕಾಂಪೌಂಡಿನ ಹಿಂದೆಯೇ ಅವಳ ಮನೆ. ಡಬ್ಬಿ ಹಿಡಿದುಕೊಂಡು ಬಂದಳು. ಚಪ್ಪಡಿಯ ನೆಲದ ಮೇಲೆ ಫಲಕದಷ್ಟೇ ಅಗಲ ಚೌಕ ಹಾಕಿಕೊಂಡಳು. ಜಗಲಿಯಿಂದ ಬಂದ ಸಮಾಧಾನಪ್ಪ "ಆರಾಧನೆ ಮಾಡೋ ಜಾಗದಲ್ಲಿ ರಂಗೋಲಿನಾ?" ಅಂದರು. "ಸಮಾಧಾನಪ್ಪನವರೇ, ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರಿ" ಅಂದೆ. ಇದ್ದರು, ಪಾಪ.

ಅವಳು ಉಜ್ಜುತ್ತಿದ್ದ ಕ್ರಮದಲ್ಲೇ ಕೆಳಗಿನ ಸಾಲಿನಿಂದ ಶುರುಮಾಡಿದಳು. ಕಣ್ಣು ಅರ್ಧ ಮುಚ್ಚಿತ್ತು. ಕೈ ಮಾತ್ರ ಎಲ್ಲೂ ತಡೆಯಲಿಲ್ಲ. ಒಂದೆರಡು ಕಡೆ ಅಳಿಸಿ, ಎದ್ದು ಹೋಗಿ ಹಿತ್ತಾಳೆಯನ್ನು ಹೆಬ್ಬೆರಳಲ್ಲಿ ಮುಟ್ಟಿ ಬಂದು, ಮತ್ತೆ ಬಿಡಿಸಿದಳು. ಕೊನೆಯ ಸಾಲು ಮೂಡಿತು. ನಾನು ಓದಿದೆ. ಇಂಗ್ಲಿಷಿನಲ್ಲಿ ಎರಡು ವರ್ಷ ವಯಸ್ಸು ಎಂದಿತ್ತು. ಅದರ ಮೇಲಿನ ಸಾಲು: ನಮ್ಮ ಮಗಳು ಎಡಿತ್‌ಳ ನೆನಪಿಗೆ.

ನನ್ನ ಮುಖ ನೋಡಿ ಕದಿರಮ್ಮ ಕೈ ನಿಲ್ಲಿಸಿದಳು. "ಏನ್ ಬರ್ದೈತೆ ಟೀಚರಮ್ಮ?"

ಹೇಳಿದೆ. ಪಾದ್ರಿಯ ಮಗು, ಹೆಸರು ಎಡಿತ್, ಎರಡು ವರ್ಷಕ್ಕೆ ಹೋಗಿಬಿಟ್ಟಿದೆ, ಅದರ ನೆನಪಿಗೆ ಅಪ್ಪ-ಅಮ್ಮ ಹಾಕಿಸಿದ್ದು ಅಂತ.

"ಮಗೀನ ಹೆಸರಾ? ಅಯ್ಯೋ, ಮಗೀನ ಹೆಸರನ್ನ ಅಳಿಸ್ಬಿಟ್ನಾ ನಾನು?" ಎಂದು ಬಾಯಿಗೆ ಸೆರಗು ಹಿಡಿದುಕೊಂಡಳು. ರಂಗೋಲಿ ಡಬ್ಬಿ ಉರುಳಿತು. ಪುಡಿಯನ್ನು ತುಂಬಿಕೊಟ್ಟವರು ಸಮಾಧಾನಪ್ಪ. "ಅಳಿಸಿಲ್ಲ ಬಿಡಮ್ಮ, ನಿನ್ನ ಹತ್ರಾನೇ ಇತ್ತಲ್ಲ. ಬರಿ, ಬರಿ" ಅಂದರು. ಆ ಮನುಷ್ಯನ ಬಾಯಲ್ಲಿ ಅಷ್ಟು ಮೆತ್ತಗಿನ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮೇಲಿನ ಸಾಲಿಗೆ ಬರುವಾಗ ಎರಡು ಗಂಟೆ. ದೇವರ ಮಹಿಮೆಗಾಗಿ ಈ ಆಲಯ ಕಟ್ಟಿದ್ದು ಎಂದು ಬಂತು. ಅದರ ಪಕ್ಕ ಅವಳು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ ಬಿಡಿಸಿದಳು: "ಜೋಡಿ ಸೂರು. ಮೊರ. ಕುಡುಗೋಲು, ಕುಡುಗೋಲು, ಕುಡುಗೋಲು. ಕತ್ತರಿ, ಕುಡುಗೋಲು. ಕಡ್ಡಿ, ಕತ್ತರಿ. ಅಷ್ಟೇ."

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಜೋಡಿ ಸೂರು ಅಂದರೆ ‘ಎಂ’, ಸಾವಿರ. ಮೊರ ‘ಡಿ’, ಐನೂರು. ಕುಡುಗೋಲು ‘ಸಿ’, ಮೂರಕ್ಕೆ ಮುನ್ನೂರು. ಕತ್ತರಿ ‘ಎಕ್ಸ್’, ಕತ್ತರಿ-ಕುಡುಗೋಲು ತೊಂಬತ್ತು. ಕಡ್ಡಿ ‘ಐ’, ಕಡ್ಡಿ-ಕತ್ತರಿ ಒಂಬತ್ತು. ಸಾವಿರದೆಂಟುನೂರ ತೊಂಬತ್ತೊಂಬತ್ತು! ನೂರ ಐದು ವರ್ಷ! ನಾನು ಚರ್ಚಿನೊಳಗೇ ಕಿರುಚಿಬಿಟ್ಟೆ.

ತನುಜ ರಂಗೋಲಿಯ ಫೋಟೋ ತೆಗೆದುಕೊಂಡು, ಫಲಕಕ್ಕೆ ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದೇ ಹೊಂದಿಸಿ ನೋಡಿದಳು. ಬೆಳಿಗ್ಗೆ ಬರೀ ಗೀರಾಗಿದ್ದವು ಈಗ ಅಕ್ಷರದ ತುಂಡುಗಳಾದವು. ಕದಿರಮ್ಮ ಹೇಳಿದ ಜಾಗದಲ್ಲೇ ಕುಡುಗೋಲಿನ ಬೆನ್ನು, ಮೊರದ ಅಂಚು. "ಪರ್ಫೆಕ್ಟಾಗಿ ಮ್ಯಾಚ್ ಆಗ್ತಿದೆ ಮೇಡಂ. ಆದ್ರೆ ಒಂದು ಹೇಳಿಕೆ ಬೇಕು. ಫಲಕದಲ್ಲಿ ಇದ್ದದ್ದು ಇದೇ ಅಂತ, ಕಣ್ಣಾರೆ ಕಂಡು ಬಿಡಿಸಿದವರೇ ಒಪ್ಪಿ ಗುರುತು ಹಾಕಬೇಕು. ಅದಿದ್ರೆ ಬಿಲ್ಡಿಂಗ್ ಉಳಿಯುತ್ತೆ. ಇಲ್ಲದಿದ್ರೆ ನಾಳೆ ಯಾರಾದ್ರೂ ನೀವೇ ಬರೆದುಕೊಂಡ್ರಿ ಅಂತಾರೆ" ಅಂದಳು.

ಹೇಳಿಕೆಯನ್ನು ನಾನೇ ಬರೆದೆ. ಓದಿ ಹೇಳಿದೆ. ಸಮಾಧಾನಪ್ಪ ಶಾಯಿ ಪ್ಯಾಡು ತಂದರು. ಕದಿರಮ್ಮ ಎಡಗೈ ಹೆಬ್ಬೆರಳನ್ನು ಅದ್ದಿ ಕಾಗದದ ಮೇಲೆ ಒತ್ತಿದಳು. ನೀಲಿ ಮಚ್ಚೆ ಬಿತ್ತು. ತನುಜ ಬಗ್ಗಿ ನೋಡಿ, "ಇನ್ನೊಂದ್ಸಲ ಒತ್ತಿ ಅಮ್ಮ" ಅಂದಳು. ಒತ್ತಿದಳು. ಬಲಗೈಯದನ್ನೂ ಒತ್ತಿಸಿದರು. ಮೂರೂ ಸಲ ಬರೀ ಮಚ್ಚೆ. ಒಂದೇ ಒಂದು ಗೆರೆ ಇಲ್ಲ.

"ರೇಖೆಗಳೇ ಇಲ್ಲ ಮೇಡಂ. ಪೂರ್ತಿ ಸವೆದುಹೋಗಿವೆ" ಅಂದಳು ತನುಜ.

ಕದಿರಮ್ಮ ತನ್ನ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ರೇಷನ್ ಅಂಗಡೀಲೂ ಹಿಂಗೇ ಅಂತಾರೆ. ನನ್ನ ಹೆಬ್ಬೆಟ್ಟೂ ನಡೆಯಲ್ಲ ಅಂದ್ರೆ ಈಗ ಗುಡಿ ಗತಿ ಏನು?" ಅಂದಳು. ಗಂಟೆ ಮೂರೂವರೆ. ಜೀಪಿನವನು ಹಾರನ್ ಹೊಡೆದ.

ನಾನು ಹೇಳಿಕೆಯ ಬೆನ್ನಿಗೆ ದೊಡ್ಡದಾಗಿ, ಕನ್ನಡದಲ್ಲಿ, ಅವಳ ಹೆಸರು ಬರೆದೆ. "ಇದು ನೀನು. ಕದಿರಮ್ಮ. ಇದನ್ನ ಹೀಗೇ ಬರೀಬೇಕು, ಆಗುತ್ತಾ?"

ಅವಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಮೊದಲನೇ ಅಕ್ಷರದ ಮೇಲೆ ಬೆರಳಾಡಿಸಿದಳು, ಎರಡನೆಯದರ ಮೇಲೆ, ಕೊನೆಯ ಒತ್ತಿನ ತನಕ. ಒಂದೇ ಸಲ. ಆಮೇಲೆ ಪೆನ್ನನ್ನು ಪೊರಕೆ ಕಡ್ಡಿ ಹಿಡಿದ ಹಾಗೆ ಹಿಡಿದುಕೊಂಡು, ಹಾಳೆಯನ್ನು ಮಗುಚಿ, ತನುಜ ತೋರಿಸಿದ ಗೆರೆಯ ಮೇಲೆ ಬರೆದಳು. ಕದಿರಮ್ಮ. ಮುತ್ತಿನಂಥ ಅಕ್ಷರ. ನನ್ನ ಒಂದನೇ ಕ್ಲಾಸಿನ ಮಕ್ಕಳು ಅಷ್ಟು ದುಂಡಗೆ ಬರೆಯಲು ಆರು ತಿಂಗಳು ತೆಗೆದುಕೊಳ್ಳುತ್ತಿದ್ದರು.

ಇವಳಿಗೆ ಐದು ನಿಮಿಷ ಹಿಡಿಯಲಿಲ್ಲ. ಸಾಕ್ಷರತಾ ಆಂದೋಲನ ಬಂದ ವರ್ಷ ಇದೇ ಕಾಂಪೌಂಡಿನ ನನ್ನ ಸ್ಕೂಲಿನಲ್ಲಿ ಊರಿನ ಹೆಂಗಸರಿಗೆಲ್ಲ ಸಂಜೆ ಪಾಠ ಮಾಡಿದವಳು ನಾನು. ಚಾಪೆ ಹಾಸಿದ್ದು, ಸ್ಲೇಟು ಒರೆಸಿಟ್ಟದ್ದು, ಎಲ್ಲರೂ ಹೋದ ಮೇಲೆ ಗುಡಿಸಿದ್ದು ಇವಳು. ನೀನೂ ಕೂತ್ಕೋ ಅಂತ ನಾನು ಒಂದು ದಿನ ಅನ್ನಲಿಲ್ಲ. ಹೊಳೆಯಲೇ ಇಲ್ಲ ನನಗೆ.

ತನುಜ ಕಾಗದ ಫೈಲಿಗೆ ಸೇರಿಸಿ, "ಗುಡಿ ಉಳೀತು ಅಂದ್ಕೊಳ್ಳಿ ಅಮ್ಮ" ಅಂದು ಜೀಪು ಹತ್ತಿದಳು. ಕದಿರಮ್ಮ ಇನ್ನೂ ಪೆನ್ನು ಹಿಡಿದುಕೊಂಡೇ ನಿಂತಿದ್ದಳು.

"ಇಷ್ಟೇನಾ ಟೀಚರಮ್ಮ, ಬರ್ಯೋದು ಅಂದ್ರೆ?" ಅಂತ ಕೇಳಿದಳು.

ಕುಹಕವಿಲ್ಲ, ಕೋಪವಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದಳು.

"ಇಷ್ಟೇ ಕಣಮ್ಮ" ಅಂದೆ. ದನಿ ಏರಿಸಲು ನನ್ನಿಂದ ಆಗಲಿಲ್ಲ.